ಪಚನಾಂಗಗಳ ಫೈಬರ್ ಮಾದರಿ: ನಾಳ ಸರಿಯಿದೆ, ಬಾಣ ತಪ್ಪಿದೆ

ನಮ್ಮ ಪದವಿಪೂರ್ವ ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯಕ್ಕೆಂದು ಕಲಬುರಗಿಯ ಅಂಗಡಿಯೊಂದರಲ್ಲಿ 2,400 ರೂಪಾಯಿ ಕೊಟ್ಟು ಪಚನಾಂಗಗಳ ಫೈಬರ್ ಮಾದರಿಯನ್ನೂ ಅದರ ಜೊತೆಗೆ ಬರುವ ಗೋಡೆಪಟವನ್ನೂ ಕೊಂಡೆವು. ಮಾದರಿಯ ಬಗ್ಗೆ ದೂರಿಲ್ಲ. ಜಠರವನ್ನು ಕಳಚಿದರೆ ಹಿಂದೆ ಹಳದಿ ಬಣ್ಣದ ಮೇದೋಜೀರಕ ಗ್ರಂಥಿ ಕಾಣುತ್ತದೆ. ಅದರ ತಲೆಯ ಭಾಗ ಸಣ್ಣಕರುಳಿನ ಮೊದಲ ಭಾಗವಾದ ಡುವೋಡಿನಮ್ಮಿನ ಬಾಗಿನಲ್ಲಿ ಸರಿಯಾಗಿ ಕೂತಿದೆ, ಅದರ ನಾಳವೂ ಪಿತ್ತನಾಳವೂ ಕೂಡಿ ಕರುಳಿನೊಳಗೆ ತೆರೆದುಕೊಳ್ಳುವ ಜಾಗವನ್ನು ಮಕ್ಕಳು ಬೆರಳಿಟ್ಟು ನೋಡಬಹುದು. ಅಂಟು ನಮ್ಮ ಮೇ ತಿಂಗಳ ಬಿಸಿಲಿಗೆ ತಡೆದೀತೇ ಎಂಬ ಅನುಮಾನ ಮಾತ್ರ ಇದೆ.

ತಕರಾರು ಇರುವುದು ಗೋಡೆಪಟದ ಮೇಲೆ. ‘ಸೆಕ್ರೆಟಿನ್’ ಎಂದು ಬರೆದ ಹಸಿರು ಬಾಣವೊಂದು ಡುವೋಡಿನಮ್ಮಿನಿಂದ ಹೊರಟು, ಮೇದೋಜೀರಕ ನಾಳದೊಳಗೆ ಹಿಮ್ಮುಖವಾಗಿ ನುಗ್ಗಿ ಗ್ರಂಥಿಯನ್ನು ಮುಟ್ಟುತ್ತದೆ. ಸೆಕ್ರೆಟಿನ್ ಎಂದರೆ ರಸ ಸ್ರವಿಸು ಎಂದು ಗ್ರಂಥಿಗೆ ಆಜ್ಞೆ ಕೊಡುವ ರಾಸಾಯನಿಕ. ಪಟದ ಪ್ರಕಾರ ರಸ ಇಳಿದು ಬರುವ ದಾರಿಯಲ್ಲೇ ಆಜ್ಞೆಯೂ ಏರಿ ಹೋಗುತ್ತದೆ ಎಂದಾಯಿತು. ವಾಸ್ತವದಲ್ಲಿ, ಆಮ್ಲ ಬೆರೆತ ಅರೆಜೀರ್ಣ ಆಹಾರ ಜಠರದಿಂದ ಇಳಿದಾಗ ಡುವೋಡಿನಮ್ಮಿನ ಒಳಪದರದ ಎಸ್ ಕೋಶಗಳು ಸೆಕ್ರೆಟಿನ್ನನ್ನು ರಕ್ತಕ್ಕೆ ಬಿಡುತ್ತವೆ. ಅದು ಯಕೃತ್ತು, ಹೃದಯ, ಶ್ವಾಸಕೋಶಗಳನ್ನು ಹಾದು, ಅಪಧಮನಿಯ ಮೂಲಕ ಪಕ್ಕದಲ್ಲೇ ಇರುವ ಗ್ರಂಥಿಗೆ ಮರಳಿ ಬಂದು, ಅಲ್ಲಿನ ನಾಳಕೋಶಗಳಿಂದ ಬೈಕಾರ್ಬನೇಟ್ ತುಂಬಿದ ತೆಳು ರಸವನ್ನು ಹೊರಡಿಸಿ, ಆ ಆಮ್ಲವನ್ನು ಶಮನಗೊಳಿಸುತ್ತದೆ. ಬೆರಳಗಲದ ದೂರಕ್ಕೆ ಇಷ್ಟೆಲ್ಲ ಸುತ್ತಿ ಬರುವುದೇ ಈ ಪಾಠದ ಜೀವಾಳ. 1902ರಲ್ಲಿ ಲಂಡನ್ನಿನ ಶರೀರಕ್ರಿಯಾ ವಿಜ್ಞಾನಿಗಳಾದ ಬೇಲಿಸ್ ಮತ್ತು ಸ್ಟಾರ್ಲಿಂಗ್ ಅವರು ನಾಯಿಯ ಸಣ್ಣಕರುಳಿನ ಒಂದು ಭಾಗಕ್ಕೆ ಹೋಗುವ ನರಗಳನ್ನು ಕತ್ತರಿಸಿ, ರಕ್ತನಾಳಗಳನ್ನಷ್ಟೇ ಉಳಿಸಿ ಆಮ್ಲ ಹಾಕಿದಾಗಲೂ ಗ್ರಂಥಿ ರಸ ಸ್ರವಿಸಿತು. ಕರುಳಿನ ಒಳಪದರವನ್ನು ಕೆರೆದು, ಆಮ್ಲದೊಡನೆ ಅರೆದು, ಸೋಸಿ ರಕ್ತಕ್ಕೆ ಚುಚ್ಚಿದಾಗಲೂ ಸ್ರವಿಸಿತು. ಅಂದರೆ ಆಜ್ಞೆ ಹೋದದ್ದು ನರದಿಂದಲ್ಲ, ರಕ್ತದಿಂದ. ಇಂಥ ರಕ್ತದೂತರಿಗೆ ‘ಹಾರ್ಮೋನ್’ ಎಂಬ ಹೆಸರನ್ನು ಸ್ಟಾರ್ಲಿಂಗ್ ಬಳಕೆಗೆ ತಂದದ್ದು 1905ರಲ್ಲಿ. ಹಸಿರು ಬಾಣ ಇದೆಲ್ಲವನ್ನೂ ಅಳಿಸಿಹಾಕುತ್ತದೆ.

ಕೊಲಿಸಿಸ್ಟೊಕೈನಿನ್‌ ಎಂಬ ಇನ್ನೊಂದು ಹಾರ್ಮೋನಿಗೆ ಪಟದಲ್ಲಿ ಸಿಕ್ಕಿರುವುದು ಒಂದೇ ಸಾಲು: ‘ಪಿತ್ತಕೋಶವನ್ನು ಸಂಕುಚಿಸುತ್ತದೆ.’ ನಮ್ಮ ವಿದ್ಯಾರ್ಥಿಗಳು ಬುತ್ತಿಯಲ್ಲಿ ತರುವ ಜೋಳದ ರೊಟ್ಟಿ, ಎಣ್ಣೆ ಹಾಕಿಕೊಂಡ ಶೇಂಗಾ ಹಿಂಡಿಯನ್ನೇ ತೆಗೆದುಕೊಳ್ಳಿ. ಅದರ ಕೊಬ್ಬು ಮತ್ತು ಪ್ರೋಟೀನು ಅರೆಬರೆ ಕರಗಿ ಕರುಳಿಗೆ ತಲುಪಿದಾಗ ಹೊರಡುವ ಈ ಹಾರ್ಮೋನೇ ಮೇದೋಜೀರಕದಿಂದ ಲೈಪೇಸ್, ಅಮೈಲೇಸ್, ಟ್ರಿಪ್ಸಿನೋಜೆನ್‌ ಎಂಬ ಜೀರ್ಣಕಾರಿ ವಸ್ತುಗಳನ್ನು ಹೊರತರಿಸುವುದು. ಮನುಷ್ಯರಲ್ಲಿ ಅದು ಈ ಕೆಲಸವನ್ನು ಬಹುಮಟ್ಟಿಗೆ ಮಿದುಳನ್ನೂ ಪಚನಾಂಗಗಳನ್ನೂ ಜೋಡಿಸುವ ವೇಗಸ್ ನರದ ಮೂಲಕ ಮಾಡಿಸುತ್ತದೆ, ಆದರೆ ಪಟದಲ್ಲಿ ಒಂದು ನರವನ್ನೂ ಬರೆದಿಲ್ಲ.

ಅಂಗಡಿಯವರ ಗಮನಕ್ಕೆ ತಂದಾಗ, “ಸಿಲಬಸ್‌ದಾಗ ಇದ್ದಷ್ಟು ಹಾಕ್ಯಾರ್ರಿ ಸರ” ಎಂದರು. ನಾನು ಹಸಿರು ಬಾಣದ ಮೇಲೆ ಬಿಳಿ ಕಾಗದ ಅಂಟಿಸಿ, ಡುವೋಡಿನಮ್ಮಿನಿಂದ ಹೃದಯಕ್ಕೂ ಅಲ್ಲಿಂದ ಗ್ರಂಥಿಗೂ ಕೆಂಪು ದಾರ ಎಳೆದಿದ್ದೇನೆ. ಮಾದರಿಯನ್ನು ಧಾರಾಳವಾಗಿ ಕೊಳ್ಳಬಹುದು; ಪಟ ಬೇಡವೆಂದರೆ 300 ರೂಪಾಯಿ ಕಡಿಮೆ ಮಾಡುತ್ತಾರೆ.