ಒಂಬತ್ತು ವರ್ಷ, ಒಂದೇ ವೈನ್ ಶಾಪ್, ಒಂದು ಹಾಳು ಫ್ರಿಜ್

ಶನಿವಾರ ಎರಡು ಬಿಯರ್. ನನ್ನ ಲೆಕ್ಕ ಅಷ್ಟೇ. ಕೇರಳ ಗಡಿಯಾಚೆಯ ಮಂಜೇಶ್ವರದಿಂದ ಭಾವ ಬಂದರೆ ಅದರಲ್ಲೂ ಒಂದು ಅವನಿಗೆ. 2016ರಲ್ಲಿ ಮಂಗಳೂರು ಹತ್ತಿರದ ತೊಕ್ಕೊಟ್ಟಿನಿಂದ ಸ್ವಲ್ಪ ಒಳಗೆ ಮನೆ ಮಾಡಿದ ಮೇಲೆ ನನಗೆ ಈ ವೈನ್ ಶಾಪ್ ಒಂದೇ ಗತಿ. ಹೆಸರು ಹೇಳುವುದಿಲ್ಲ. ನಮ್ಮ ಕಡೆಯವರಿಗೆ ಹೇಳಬೇಕಾಗಿಯೂ ಇಲ್ಲ, ಇರುವುದೇ ಒಂದು. ಇನ್ನೊಂದು ಬೇಕಾದರೆ ಆರು ಕಿಲೋಮೀಟರ್ ಹೋಗಬೇಕು. ರಿಕ್ಷಾ ಬಾಡಿಗೆಯಲ್ಲಿ ಮೂರನೇ ಬಾಟಲಿ ಬರುತ್ತದೆ.

ಬ್ರ್ಯಾಂಡು, ರುಚಿ ಅಂತ ನಾನು ಬರೆಯಲು ಹೋಗುವುದಿಲ್ಲ. 650 ಎಂಎಲ್ ಬಾಟಲಿಯೊಳಗೆ ಏನಿದೆ ಅಂತ ನಿಮಗೂ ಗೊತ್ತು. ನನ್ನ ತಕರಾರು ಫ್ರಿಜ್ಜಿನ ಬಗ್ಗೆ.

ಆಫೀಸು ಬಿಟ್ಟು ಸ್ಟೇಟ್‌ಬ್ಯಾಂಕ್‌ನಲ್ಲಿ ಬಸ್ಸು ಹಿಡಿದು, ನೇತ್ರಾವತಿ ಸೇತುವೆ ದಾಟಿ, ಅಂಗಡಿ ಮುಂದೆ ನಿಲ್ಲುವಾಗ ಏಳೂವರೆ. ಅಂಗಿ ಬೆನ್ನಿಗೆ ಅಂಟಿರುತ್ತದೆ. ಏಪ್ರಿಲ್-ಮೇ ತಿಂಗಳ ಮಂಗಳೂರು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ವಿವರಿಸಬೇಕಾ? ಕಬ್ಬಿಣದ ಜಾಲರಿಯ ಸಂದಿಯಿಂದ ಕೇಳುತ್ತೇನೆ, "ಚಿಲ್ಡ್ ಉಂಡಾ?" ಒಳಗಿನಿಂದ ಒಂಬತ್ತು ವರ್ಷದಿಂದ ಬರುತ್ತಿರುವ ಉತ್ತರ: "ಇಜ್ಜಿ ಅಣ್ಣಾ." ಇಲ್ಲ ಅಂತ.

ಫ್ರಿಜ್ ಇದೆ. ಅದರ ಬಾಗಿಲಿಗೆ ಸೈಕಲ್ ಟ್ಯೂಬಿನ ತುಂಡು ಕಟ್ಟಿದ್ದಾರೆ. ಒಳಗೆ ಲೈಟ್ ಚೆನ್ನಾಗಿಯೇ ಉರಿಯುತ್ತದೆ. ತಂಪು ಮಾತ್ರ ಬರುವುದಿಲ್ಲ. ಅದೃಷ್ಟ ಇದ್ದ ದಿನ ಹಿಂದಿನ ಸಾಲಿನಲ್ಲಿ ಒಂದೆರಡು ಬಾಟಲಿ ಸ್ವಲ್ಪ ಬೆವರಿರುತ್ತವೆ. ಅವಕ್ಕೆ ಹತ್ತು ರೂಪಾಯಿ ಜಾಸ್ತಿ. ಬಿಲ್ಲು ಇಲ್ಲ. ವೈನ್ ಶಾಪಿನಲ್ಲಿ ಎಂಆರ್‌ಪಿ ಮೇಲೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವ ಹಾಗಿಲ್ಲ ಅಂತ ನನಗೂ ಗೊತ್ತು, ಕೌಂಟರಿನ ಹುಡುಗನಿಗೂ ಗೊತ್ತು. ಒಮ್ಮೆ ಹೇಳಿಯೂ ನೋಡಿದೆ. "ಬೇಡಾಂದ್ರೆ ಬಿಸಿಯದ್ದು ತಗೊಳ್ಳಿ ಮಾರಾಯ್ರೆ" ಅಂದ. ಸಿಟ್ಟೂ ಇರಲಿಲ್ಲ ಅವನ ದನಿಯಲ್ಲಿ. ಹವಾಮಾನ ಹೇಳಿದ ಹಾಗೆ ಹೇಳಿದ.

ಅಬಕಾರಿಯವರಿಗೆ ದೂರು ಕೊಡಬಹುದಿತ್ತಲ್ವಾ ಅಂತ ನೀವು ಕೇಳಬಹುದು. ಕೊಡಬಹುದಿತ್ತು. ಕೊಟ್ಟವನು ನಾನೇ ಅಂತ ಗೊತ್ತಾದ ಮೇಲೆ ಬಿಯರ್ ಎಲ್ಲಿಂದ ತರುವುದು?

ಬೆಲೆಯ ವಿಷಯದಲ್ಲಿ ಈ ಅಂಗಡಿಯವರನ್ನು ಬೈದು ಪ್ರಯೋಜನ ಇಲ್ಲ. ಅದು ಬೆಂಗಳೂರಿನಲ್ಲಿ ಆಗುವ ಕೆಲಸ. ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ 2023ರ ಬಜೆಟ್ಟಿನಲ್ಲಿ ಶೇ. 175ರಿಂದ 185ಕ್ಕೆ ಹೋಯಿತು, 2025ರ ಜನವರಿಯಲ್ಲಿ 195ಕ್ಕೆ. ಮಾಲು ತರುವ ಜಾಗವೂ ಒಂದೇ. 2003ರಿಂದ ಇಡೀ ರಾಜ್ಯದ ಸಗಟು ಮಾರಾಟ ಸರ್ಕಾರದ ಪಾನೀಯ ನಿಗಮದ ಕೈಯಲ್ಲಿದೆ, ಅಂಗಡಿಯವರು ಅದರ ಡಿಪೋದಿಂದಲೇ ಎತ್ತಬೇಕು. ಹಾಗಾಗಿ ಮಂಗಳೂರಿನ ಯಾವ ವೈನ್ ಶಾಪಿಗೆ ಹೋದರೂ ಅದೇ ಬಾಟಲಿ, ಅದೇ ರೇಟು. ಅಂಗಡಿಯವನು ತನ್ನದು ಅಂತ ಗಿರಾಕಿಗೆ ಕೊಡಲು ಉಳಿಯುವುದು ಒಂದೇ, ತಂಪು. ಎದುರಿಗೆ ಇನ್ನೊಂದು ಅಂಗಡಿ ಇದ್ದಿದ್ದರೆ ಈ ಫ್ರಿಜ್ ಒಂದೇ ವಾರದಲ್ಲಿ ರಿಪೇರಿ ಆಗುತ್ತಿತ್ತು. ಆದರೆ 1992ರಲ್ಲೇ ಹೊಸ ವೈನ್ ಶಾಪ್ ಲೈಸೆನ್ಸ್ ಕೊಡುವುದನ್ನು ನಿಲ್ಲಿಸಿದ್ದರು. ಸರ್ಕಾರಿ ಕಂಪನಿ ಎಂಎಸ್‌ಐಎಲ್‌ನ ಮದ್ಯದ ಮಳಿಗೆಗಳು ಅಲ್ಲಲ್ಲಿ ಬಂದವು, ನಮ್ಮ ಕಡೆಗೆ ಬರಲಿಲ್ಲ. ಹಳೇ ಲೈಸೆನ್ಸ್ ಇದ್ದವನು ರಾಜ.

ಇನ್ನೊಂದು ಸಣ್ಣ ಸಂಕಟ. ನಾನು ಮೈಲ್ಡ್ ಕುಡಿಯುವವನು. ಇಲ್ಲಿ ಕೇಸುಗಟ್ಟಲೆ ಬರುವುದು ಸ್ಟ್ರಾಂಗ್. ಮೈಲ್ಡ್ ಕೇಳಿದರೆ ಹುಡುಗ ಮೇಲಿನ ಶೆಲ್ಫಿನಿಂದ ಧೂಳು ಒರೆಸಿ ಒಂದನ್ನು ಇಳಿಸುತ್ತಾನೆ. ನಾನು ಮೊಬೈಲ್ ಟಾರ್ಚ್ ಹಾಕಿ ತಯಾರಾದ ತಾರೀಖು ಹುಡುಕುತ್ತೇನೆ. ಹಿಂದೆ ನಿಂತವರು ಗೊಣಗುತ್ತಾರೆ. ಆರು ತಿಂಗಳು ದಾಟಿದ್ದನ್ನು ಎರಡು ಸಲ ವಾಪಸು ಕೊಟ್ಟಿದ್ದೇನೆ. ಅದನ್ನು ಮಾತಿಲ್ಲದೆ ಬದಲಾಯಿಸಿಕೊಟ್ಟರು, ಅದನ್ನೂ ಹೇಳಬೇಕು.

ಈಗ ನಿಜವಾದ ವಿಷಯ. ಎರಡನೇ ವರ್ಷದ ಬೇಸಿಗೆಯಲ್ಲಿ ಒಂದು ಶನಿವಾರ, ಬಿಸಿ ಬಾಟಲಿ ಎರಡನ್ನು ಪೇಪರಿನಲ್ಲಿ ಸುತ್ತಿಸಿಕೊಂಡು, ಚೀಲದಲ್ಲಿ ಬಸಳೆ ಕಟ್ಟಿನ ಅಡಿಗೆ ಇಟ್ಟು, ಬಂಗುಡೆ ಕೊಳ್ಳಲು ನಿಂತಿದ್ದೆ. ಅಂಗಡಿಯಿಂದ ಐವತ್ತು ಹೆಜ್ಜೆ ದೂರದಲ್ಲಿ ಒಬ್ಬರು ಅಕ್ಕ ಸಂಜೆ ಮೀನು ಮಾರುತ್ತಾರೆ. ಚೀಲದೊಳಗೆ ಗಾಜು ಗಾಜಿಗೆ ತಾಗಿ ಸದ್ದಾಯಿತು. ಅಕ್ಕ ನನ್ನ ಮುಖ ನೋಡಿದರು, ಚೀಲ ನೋಡಿದರು. "ತಂಪು ಇಜ್ಜಾ?" ಅಂತ ಕೇಳಿ, ಮೀನಿನ ಪೆಟ್ಟಿಗೆಯ ತಳದಿಂದ ಮುಷ್ಟಿಗಿಂತ ದೊಡ್ಡ ಐಸ್ ಗಟ್ಟಿ ಒಂದನ್ನು ಒಡೆದು ತೊಟ್ಟೆಗೆ ಹಾಕಿ ಕೊಟ್ಟರು. ದುಡ್ಡು ಕೊಡಲು ಹೋದರೆ ಕೈ ಬೀಸಿದರು.

ಅವತ್ತಿನಿಂದ ನನ್ನ ಶನಿವಾರ ಬದಲಾಯಿತು. ಮನೆಗೆ ಬಂದ ಕೂಡಲೇ ಬಚ್ಚಲಿನ ಬಕೆಟ್ಟು. ಗೋಣಿಯಲ್ಲಿ ಸುತ್ತಿ ಐಸನ್ನು ಒನಕೆಯಿಂದ ಪುಡಿ ಮಾಡಬೇಕು. ಬಾಟಲಿಗಳನ್ನು ನಿಲ್ಲಿಸಿ ಸುತ್ತ ಐಸ್ ತುಂಬಿ, ಬಾವಿ ನೀರು ಕುತ್ತಿಗೆಯವರೆಗೆ. ಮೇಲೆ ಎರಡು ಮುಷ್ಟಿ ಕಲ್ಲುಪ್ಪು. ಉಪ್ಪು ಹಾಕಿದರೆ ಆ ನೀರು ಬರೀ ಐಸ್ ನೀರಿಗಿಂತಲೂ ತಣ್ಣಗಾಗುತ್ತದೆ. ಆಗಾಗ ಬಾಟಲಿಯನ್ನು ಮೆಲ್ಲ ತಿರುಗಿಸುತ್ತಿರಬೇಕು. ಇಪ್ಪತ್ತು ನಿಮಿಷ. ಅಷ್ಟರಲ್ಲಿ ಸ್ನಾನ ಮುಗಿಯುತ್ತದೆ, ಒಳಗಿನಿಂದ ಬಂಗುಡೆ ಕಾವಲಿಗೆ ಬಿದ್ದ ಚುಂಯ್ ಸದ್ದು ಬರುತ್ತದೆ. ಗ್ಲಾಸಿಗೆ ಎರೆಯುವ ಮೊದಲು ಬಾಟಲಿಯನ್ನು ಸೋಪು ಹಾಕಿ ತೊಳೆಯಲೇಬೇಕು, ಇಲ್ಲದಿದ್ದರೆ ಮೊದಲ ಗುಟುಕಿಗೇ ಮೀನು ಬಂದರಿನ ವಾಸನೆ ಮೂಗಿಗೆ ಬರುತ್ತದೆ. ಮನೆಯವಳಿಗೆ ಈ ಬಕೆಟ್ಟಿನ ಮೇಲೆ ಇನ್ನೂ ಕೋಪ ಇದೆ. ಇರಲಿ. ಪೇಟೆಯ ಎಸಿ ಬಾರಿನಲ್ಲೂ ನನಗೆ ಇಷ್ಟು ತಂಪಾದ ಬಿಯರ್ ಸಿಕ್ಕಿಲ್ಲ.

ಭಾವನಿಗಂತೂ ನನ್ನ ತಕರಾರು ಅರ್ಥವೇ ಆಗುವುದಿಲ್ಲ. ಕೇರಳದಲ್ಲಿ ಚಿಲ್ಲರೆ ಮಾರಾಟವೂ ಸರ್ಕಾರದ್ದೇ. 1984ರಲ್ಲಿ ಶುರುವಾದ ಸರ್ಕಾರಿ ಮದ್ಯ ನಿಗಮ ಬೆವ್ಕೋ, ಅದರ ಜೊತೆ ಸಹಕಾರಿ ಸಂಸ್ಥೆ ಕನ್ಸ್ಯೂಮರ್‌ಫೆಡ್. ಅಲ್ಲಿನ ಕ್ಯೂ ಎಷ್ಟು ಪ್ರಸಿದ್ಧ ಅಂದರೆ 2021ರಲ್ಲಿ ಹೈಕೋರ್ಟೇ ಅದರ ಬಗ್ಗೆ ತರಾಟೆಗೆ ತೆಗೆದುಕೊಂಡಿತು. ತಿಂಗಳ ಒಂದನೇ ತಾರೀಖು ಪೂರಾ ಬಂದ್. ಶನಿವಾರವೇ ಒಂದನೇ ತಾರೀಖು ಬಿದ್ದರೆ ಭಾವ ತಲಪಾಡಿ ದಾಟಿ ನಮ್ಮ ಜಗಲಿಯಲ್ಲಿ ಹಾಜರು. "ಎರಡು ನಿಮಿಷದಲ್ಲಿ ಸಿಗ್ತದೆ, ಬೈಯುವವರು ಯಾರೂ ಇಲ್ಲ, ಇನ್ನೆಂಥ ಬೇಕು ನಿಮಗೆ?" ಅಂತ ನನ್ನನ್ನೇ ಕೇಳುತ್ತಾನೆ. ಒಂದು ಕುಡಿದು, ಎರಡು ಬಂಗುಡೆ ತಿಂದು, ಬಸ್ಸು ಹತ್ತುತ್ತಾನೆ.

ತಂಗಿ ಇರುವುದು ಕೆನಡಾದ ಒಂಟಾರಿಯೊದಲ್ಲಿ. ಅಲ್ಲಿನ ಕಥೆ ಇನ್ನೂ ವಿಚಿತ್ರ. ಪಾನನಿಷೇಧ ತೆಗೆದ 1927ರಲ್ಲಿ ಬಿಯರ್ ಕಂಪನಿಗಳೇ ಸೇರಿ ಅಂಗಡಿ ತೆರೆದವು, ಬಿಯರ್ ಸ್ಟೋರ್ ಅಂತ ಈಗಿನ ಹೆಸರು. ಅದನ್ನು ಬಿಟ್ಟರೆ ಸರ್ಕಾರದ ಮದ್ಯದಂಗಡಿ. ಸೂಪರ್ ಮಾರ್ಕೆಟ್ಟಿಗೆ ಬಿಯರ್ ಬಂದದ್ದು 2015ರಲ್ಲಿ, ಬೀದಿ ಬದಿಯ ಅಂಗಡಿಗೆ 2024ರ ಸೆಪ್ಟೆಂಬರಿನಲ್ಲಿ. ಜನ ಅಷ್ಟು ವರ್ಷ ಗೊಣಗಿದ ಮೇಲೆ! ಆದರೆ ಖಾಲಿ ಬಾಟಲಿ ವಾಪಸು ಕೊಟ್ಟರೆ ಒಂದಕ್ಕೆ ಹತ್ತು ಸೆಂಟು ಕೈಗೆ ಬರುತ್ತದೆ. ನಮ್ಮಲ್ಲಿ ಅದನ್ನು ತೆಂಗಿನ ಬುಡದಲ್ಲಿ ರಾಶಿ ಹಾಕಿ ಗುಜರಿಯವನನ್ನು ಕಾಯುತ್ತೇನೆ. ಒಂದಕ್ಕೆ ಒಂದು ರೂಪಾಯಿ ಕೊಟ್ಟರೆ ದೊಡ್ಡದು.

ಐದಕ್ಕೆ ಎಷ್ಟು ಸ್ಟಾರ್? ಅಂಗಡಿಗೆ ಎರಡು. ಹುಡುಗ ಮೋಸದ ಮಾಲು ಕೊಡುವವನಲ್ಲ, ಚಿಲ್ಲರೆ ಸರಿಯಾಗಿ ಕೊಡುತ್ತಾನೆ. ಹೋದ ತಿಂಗಳು ಹೊಸ ಫ್ರಿಜ್ಜೂ ಬಂತು, ಗಾಜಿನ ಬಾಗಿಲಿನದ್ದು. ನೋಡಿ ಖುಷಿಯಾಗಿ ಹತ್ತಿರ ಹೋದೆ. ಒಳಗೆ ಪೂರಾ ಸೋಡಾ ಮತ್ತು ನೀರಿನ ಬಾಟಲಿ. ಅದಕ್ಕೆ ಲಾಭ ಜಾಸ್ತಿಯಂತೆ.

ಇದು ಜೂನ್ ತಿಂಗಳು. ಒಂದನೇ ತಾರೀಖಿನಿಂದ ಟ್ರಾಲಿಂಗ್ ನಿಷೇಧ, ಜುಲೈ 31ರವರೆಗೆ 61 ದಿನ ದೊಡ್ಡ ಬೋಟುಗಳು ಮೀನಿಗೆ ಹೋಗುವ ಹಾಗಿಲ್ಲ. ಮೀನಿನ ಅಕ್ಕ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ನಿನ್ನೆ ಬಂದಿರಲಿಲ್ಲ. ಕೊಡೆ ಮಡಚಿ, ಜಾಲರಿಯೊಳಗೆ ಹತ್ತು ರೂಪಾಯಿ ಜಾಸ್ತಿ ತಳ್ಳಿದೆ. ಹುಡುಗ ಟ್ಯೂಬು ಬಿಚ್ಚಿ ಹಿಂದಿನ ಸಾಲಿನಿಂದ ಒಂದು ಬಾಟಲಿ ತೆಗೆದು ಕೊಟ್ಟ. ಒದ್ದೆಯಾಗಿತ್ತು, ಮಳೆ ಇರಚಲಿಗೆ.