ಒಂಬತ್ತು ವರ್ಷ ಮರದ ಕೆಳಗೆ ಬಿದ್ದಿದ್ದ ಮೋಟಾರ್ ಬೋಟು: ಐದು ವರ್ಷ ಓಡಿಸಿದ ಮೇಲೆ

ಐದನೇ ವರ್ಷದ ಓಡಾಟ ಮುಗಿಸಿ ಹೋದ ವಾರ ಬೋಟನ್ನು ಟ್ರೇಲರ್ ಮೇಲೆ ಎಳೆದುಕೊಂಡೆ. ಹಿಂಬದಿಯ ಮುಚ್ಚಳ ತೆಗೆದು ತಳಕ್ಕೆ ಕೈ ಹಾಕಿದೆ. ಕೈ ಒಣಗೇ ಬಂತು. ಇಷ್ಟಕ್ಕೇ ಇಷ್ಟು ಖುಷಿಯಾ ಅಂತ ನಿಮಗೆ ಅನ್ನಿಸಬಹುದು. ಈ ಬೋಟು ನನ್ನ ಕೈಗೆ ಬಂದ ದಿನ ಅದೇ ಜಾಗದಲ್ಲಿ ಮೊಣಕೈ ಮುಳುಗುವಷ್ಟು ಕಪ್ಪು ನೀರು, ಕೊಳೆತ ಎಲೆ, ಜೊತೆಗೊಂದು ಕಪ್ಪೆ ಇತ್ತು.

ವಿವರ ಬೇಗ ಹೇಳಿಬಿಡುತ್ತೇನೆ. 17 ಅಡಿ ಉದ್ದ, ಫೈಬರ್‌ಗ್ಲಾಸ್ ಒಡಲು, 1980ರ ದಶಕದ ಕೊನೆಯಲ್ಲಿ ಕಟ್ಟಿದ್ದು. ಹಿಂದೆ 60 ಎಚ್‌ಪಿಯ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್. ಹೊದಿಕೆ ಇಲ್ಲದೆ ಒಂಬತ್ತು ವರ್ಷ ಮರದ ಕೆಳಗೆ ನಿಂತಿತ್ತು. ಮಾಲೀಕರು ಹೆಚ್ಚುಕಮ್ಮಿ ಸುಮ್ನೆ ಕೊಟ್ಟರು. ಸುಮ್ನೆ ಸಿಕ್ಕಿದ ಬೋಟು ಎಷ್ಟು ದುಬಾರಿ ಅಂತ ಆಮೇಲೆ ಗೊತ್ತಾಯಿತು. ರಿಪೇರಿಗೆ ಹದಿನಾಲ್ಕು ತಿಂಗಳ ಶನಿವಾರ ಭಾನುವಾರಗಳೆಲ್ಲ ಹೋದವು. ಇದೇ ಗಾತ್ರದ, ಓಡುತ್ತಿರುವ ಹಳೇ ಬೋಟೊಂದನ್ನು ಆ ದುಡ್ಡಿನಲ್ಲಿ ಕೊಂಡುಕೊಳ್ಳಬಹುದಿತ್ತು. ಲಾಭ ಆಗುತ್ತೆ ಅಂತ ಈ ಕೆಲಸಕ್ಕೆ ಇಳಿಯುವವರು ಇಲ್ಲಿಗೇ ಓದುವುದು ನಿಲ್ಲಿಸಬಹುದು.

ಮೊದಲ ವಾರ ನಾನು ಮಾಡಿದ್ದು ಬರೀ ಪಾಲಿಶ್. ದೊಡ್ಡ ತಪ್ಪು. ಮೇಲೆ ಹೊಳೆಯತೊಡಗಿತು, ನನಗೂ ಹುರುಪು ಬಂತು. ಆಗ ಬೋಟು ಕೆಲಸ ಗೊತ್ತಿದ್ದ ಗೆಳೆಯನೊಬ್ಬ ಬಂದು, ಟ್ರಾನ್ಸಮ್ ಬಡಿದು ನೋಡಿದ್ಯೇನೋ ಅಂತ ಕೇಳಿದ. ಟ್ರಾನ್ಸಮ್ ಅಂದರೆ ಎಂಜಿನ್ ನೇತಾಡುವ ಹಿಂಬದಿಯ ಗೋಡೆ. ಒಳಗೂ ಹೊರಗೂ ಫೈಬರ್, ನಡುವೆ ಪ್ಲೈವುಡ್. ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ ಹಿಡಿದು ಮೂಲೆಯಿಂದ ಬಡಿಯುತ್ತಾ ಬಂದೆ. ಟಕ್, ಟಕ್, ಟಕ್. ಎಂಜಿನ್ ಬೋಲ್ಟುಗಳ ಹತ್ತಿರ ಬಂದ ಕೂಡಲೇ ದೊಪ್, ದೊಪ್. ಒದ್ದೆ ಚೀಲಕ್ಕೆ ಹೊಡೆದ ಹಾಗೆ. ಒಳಗಡೆಯಿಂದ 6 ಮಿ.ಮೀ. ಡ್ರಿಲ್ ಹಾಕಿದೆ. ಒಣ ಮರವಾಗಿದ್ದರೆ ತಿಳಿ ಬಣ್ಣದ ಹೊಟ್ಟು ಉದುರಬೇಕು. ನನಗೆ ಬಂದಿದ್ದು ಕಂದು ಕೆಸರು, ಬಿಟ್ಟಿಗೆ ಸುತ್ತಿಕೊಂಡು. ಹಿಂದೆಯೇ ನೀರು. ಆ ತೂತು ಎರಡು ದಿನ ತೊಟ್ಟಿಕ್ಕಿತು.

ನೀರು ಒಳಗೆ ಹೋಗಿದ್ದು ಹೇಗೆ? ಫೈಬರ್ ಎಲ್ಲೂ ಸೀಳಿರಲಿಲ್ಲ. ಹಿಂಬದಿಯಲ್ಲಿ ಸ್ಕ್ರೂ, ಬೋಲ್ಟುಗಳ ತೂತು ಎಣಿಸಿದೆ, 23 ಇದ್ದವು. ಏಣಿಗೆ, ಸ್ಪೀಡೋಮೀಟರಿಗೆ, ಯಾವುದೋ ಕಾಲದ ಫಿಶ್‌ಫೈಂಡರಿಗೆ (ನೀರಡಿಯ ಮೀನು ತೋರಿಸುವ ಯಂತ್ರ). ಏಳು ತೂತಿಗಂತೂ ಸಾಮಾನೇ ಇರಲಿಲ್ಲ. ಯಾರೋ ಕೊರೆದು, ಮನಸ್ಸು ಬದಲಾಯಿಸಿ, ಪಕ್ಕದಲ್ಲೇ ಇನ್ನೊಂದು ಕೊರೆದಿದ್ದರು. ಒಂದೊಂದರ ಸುತ್ತಲೂ ಮರ ಕಪ್ಪಾಗಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಐದು ವರ್ಷದಲ್ಲಿ ಈ ಬೋಟಿನಲ್ಲಿ ನಾನು ಕಂಡ ಪ್ರತಿ ದೊಡ್ಡ ತೊಂದರೆಯೂ ಯಾರೋ ಕೊರೆದ ತೂತಿನಿಂದಲೇ ಶುರುವಾಗಿದ್ದು. ಆ ಯಾರೋ ಕೆಲವು ಸಲ ನಾನೇ.

ನೆಲ ಕೊಯ್ದಾಗ ಇನ್ನೊಂದು ಆಘಾತ. ಬೋಟು ತೇಲಲಿ ಅಂತ ನೆಲದಡಿ ಪಾಲಿಯುರೆಥೇನ್ ಫೋಮ್ ತುಂಬಿರುತ್ತಾರೆ. ಒಂದಡಿ ಉದ್ದ, ಅಗಲ, ದಪ್ಪದ ತುಂಡು ಒಣಗಿದ್ದರೆ ಒಂದು ಕಿಲೋದೊಳಗೇ ಇರಬೇಕು. ನಾನು ಕತ್ತರಿಸಿ ತೂಗಿದ ತುಂಡು 14 ಕಿಲೋ ಬಂತು. ತೇಲಿಸಬೇಕಾದದ್ದೇ ಕಲ್ಲಿನ ಹಾಗೆ ಕೂತಿತ್ತು. ಹಳೇ ಬೋಟು ಕೊಳ್ಳುವವರಿಗೆ ಇದೊಂದು ಒಳ್ಳೇ ಪರೀಕ್ಷೆ. ಆಗುವುದಾದರೆ ಟ್ರೇಲರ್ ಸಮೇತ ತೂಗಿಸಿ. ಕಾಗದದಲ್ಲಿರುವ ತೂಕಕ್ಕಿಂತ ನೂರಿನ್ನೂರು ಕಿಲೋ ಜಾಸ್ತಿ ಬಂದರೆ ಅದು ನೀರು.

ಇನ್ನು ಎಪಾಕ್ಸಿ, ಅಂದರೆ ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು. ಕಾರ್ಖಾನೆಯಲ್ಲಿ ಬೋಟು ಅಚ್ಚು ಹಾಕುವುದು ಹೆಚ್ಚಾಗಿ ಪಾಲಿಯೆಸ್ಟರ್ ರೆಸಿನ್‌ನಲ್ಲಿ. ಆದರೆ ಹಳೇ ಫೈಬರಿಗೆ ಹೊಸದನ್ನು ಅಂಟಿಸಲು ಎಪಾಕ್ಸಿಯ ಹಿಡಿತವೇ ಗಟ್ಟಿ. ನಾನು ಬಳಸಿದ್ದು ವೆಸ್ಟ್ ಸಿಸ್ಟಮ್ 105 ರೆಸಿನ್, ನಿಧಾನಕ್ಕೆ ಗಟ್ಟಿಯಾಗುವ 206 ಹಾರ್ಡನರ್. ಐದು ಪಾಲು ರೆಸಿನ್‌ಗೆ ಒಂದು ಪಾಲು ಹಾರ್ಡನರ್. ಹಾರ್ಡನರ್ ಸ್ವಲ್ಪ ಜಾಸ್ತಿ ಹಾಕಿದರೆ ಬೇಗ ಆಗುತ್ತೆ ಅಂದುಕೊಳ್ಳಬೇಡಿ. ಅಳತೆ ತಪ್ಪಿದರೆ ಅದು ಸರಿಯಾಗಿ ಗಟ್ಟಿಯಾಗುವುದೇ ಇಲ್ಲ. ಇನ್ನೊಂದು ಪಾಠ ಕೈ ಸುಟ್ಟುಕೊಂಡು ಕಲಿತೆ. ಅರ್ಧ ಲೀಟರ್ ಕಲಸಿ, ಆಳದ ಪ್ಲಾಸ್ಟಿಕ್ ಮಗ್ಗಿನಲ್ಲಿಟ್ಟುಕೊಂಡು ಫೋನಿನಲ್ಲಿ ಮಾತಾಡುತ್ತಾ ನಿಂತೆ. ಮಗ್ಗು ಮೊದಲು ಬೆಚ್ಚಗಾಯಿತು, ಆಮೇಲೆ ಹಿಡಿಯಲಾಗದಷ್ಟು ಬಿಸಿ, ಆಮೇಲೆ ಹೊಗೆ. ಅಂಗಳಕ್ಕೆ ಎಸೆದೆ. ಬೆಳಗ್ಗೆ ನೋಡಿದರೆ ಬಿರುಕು ಬಿಟ್ಟ ಹಳದಿ ಕಲ್ಲು, ಮಗ್ಗು ಅದಕ್ಕೇ ಕರಗಿ ಅಂಟಿತ್ತು. ಅವತ್ತಿಂದ ಸ್ವಲ್ಪ ಸ್ವಲ್ಪ ಕಲಸಿ, ಕೂಡಲೇ ಅಗಲದ ತಟ್ಟೆಗೆ ಸುರಿದುಕೊಳ್ಳುತ್ತೇನೆ.

ಟ್ರಾನ್ಸಮ್‌ಗೆ 18 ಮಿ.ಮೀ. ಮೆರೈನ್ ಪ್ಲೈ ಎರಡು ಹಾಳೆ ಒಂದಕ್ಕೊಂದು ಅಂಟಿಸಿ ಕೂರಿಸಿದೆ. ಅಂಚುಗಳಿಗೆಲ್ಲ ಮೂರು ಸಲ ಎಪಾಕ್ಸಿ ಕುಡಿಸಿದೆ. ಮರ ನೀರು ಹೀರುವುದು ಅಂಚಿನಿಂದಲೇ ಜಾಸ್ತಿ. ಮೂಲೆಗಳಿಗೆ ಪೇಸ್ಟಿನಂತೆ ಮಂದ ಮಾಡಿದ ಎಪಾಕ್ಸಿ ಬಳಿದು ದುಂಡಗೆ ಮಾಡಿ, ಅದರ ಮೇಲೆ ಫೈಬರ್ ಬಟ್ಟೆ ಹೊದಿಸಿದೆ. ಬಟ್ಟೆ ನೇರ ಮೂಲೆಗೆ ಮಡಚಿ ಕೂರುವುದಿಲ್ಲ, ಅಡಿಯಲ್ಲಿ ಗಾಳಿ ಉಳಿಯುತ್ತದೆ. ಐದು ವರ್ಷದ ನಂತರ ಈಗ ಬಡಿದರೆ ಇಡೀ ಟ್ರಾನ್ಸಮ್ ಒಂದೇ ಸದ್ದು ಕೊಡುತ್ತದೆ. ಈ ಕೆಲಸಕ್ಕೆ ಪೂರ್ತಿ ಅಂಕ.

ಬಣ್ಣಕ್ಕೆ ಅಷ್ಟು ಅಂಕ ಇಲ್ಲ. ತಪ್ಪು ನನ್ನದೇ. ಈ ಎಪಾಕ್ಸಿ ಗಟ್ಟಿಯಾದ ಮೇಲೆ ಮೇಣದಂಥ ಜಿಡ್ಡು ಪದರ ಬಿಡುತ್ತದೆ. ಮರಳು ಕಾಗದದಲ್ಲಿ ಉಜ್ಜುವ ಮುಂಚೆ ಅದನ್ನು ಬರೀ ನೀರು ಹಾಕಿ ತಿಕ್ಕಿ ತೊಳೆಯಬೇಕು. ಎಡಗಡೆಯ ಒಂದು ಮೊಳ ಜಾಗದಲ್ಲಿ ಅವಸರಕ್ಕೆ ಬಿಟ್ಟೆ. ಎರಡನೇ ವರ್ಷ ಸರಿಯಾಗಿ ಅಷ್ಟೇ ಜಾಗದಲ್ಲಿ ಬಣ್ಣ ಹಾಳೆ ಹಾಳೆಯಾಗಿ ಎದ್ದಿತು. ಉಳಿದ ಕಡೆ ಎರಡು ಭಾಗ ಬೆರೆಸುವ ಪಾಲಿಯುರೆಥೇನ್ ಬಣ್ಣ ಇನ್ನೂ ಹೊಳೆಯುತ್ತಿದೆ. ಅದನ್ನು ಸ್ಪ್ರೇ ಮಾಡಲಿಲ್ಲ. ಆ ಮಂಜು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ರೋಲರಿನಲ್ಲಿ ಹಚ್ಚಿ, ಹಿಂದೆಯೇ ಬ್ರಷ್ಷಿನ ತುದಿಯಲ್ಲಿ ಸವರಿದೆ. ಎರಡಡಿ ದೂರದಿಂದ ನೋಡಿದರೆ ಗೊತ್ತಾಗುವುದಿಲ್ಲ. ಹತ್ತಿರ ಬಂದು ನೋಡುವವರನ್ನು ನಾನು ಬೋಟಿಗೆ ಕರೆಯುವುದಿಲ್ಲ.

ಮೊದಲ ಸಲ ನೀರಿಗೆ ಇಳಿಸಿದ ಕತೆ ಹೇಳಲೇಬೇಕು. ಹದಿನಾಲ್ಕು ತಿಂಗಳ ಕೆಲಸ, ನೋಡೋಕೆ ನಾಲ್ಕು ಜನ. ತಳದ ಡ್ರೈನ್ ಬಿರಡೆ ನನ್ನ ಜೇಬಿನಲ್ಲೇ ಇತ್ತು. 25 ಮಿ.ಮೀ. ತೂತು, ನೀರಿನ ಮಟ್ಟಕ್ಕಿಂತ 15 ಸೆಂ.ಮೀ. ಕೆಳಗೆ ಇದ್ದರೆ ನಿಮಿಷಕ್ಕೆ ಸುಮಾರು 30 ಲೀಟರ್ ಒಳಗೆ ಬರುತ್ತದೆ. ಲೆಕ್ಕ ಹಾಕಿದ್ದು ಆಮೇಲೆ. ಆಗ ಕಂಡಿದ್ದು ಬೋಟಿನ ಹಿಂಭಾಗ ಮೆಲ್ಲಗೆ ಕೂರುತ್ತಿರುವುದು ಮಾತ್ರ. ಈಗ ಬಿರಡೆಗೂ ಎಂಜಿನ್ ಕೀಲಿಗೂ ಒಂದೇ ದಾರ. ಬಿರಡೆ ಹಾಕದೆ ಕೀಲಿ ಕೈಗೆ ಬರುವುದಿಲ್ಲ.

ಹಳೇ ಟೂ-ಸ್ಟ್ರೋಕ್ ಎಂಜಿನ್ನನ್ನು ಎರಡು ವರ್ಷ ಓಡಿಸಿದೆ. ಮೂರು ಸಿಲಿಂಡರಿನ ಕಂಪ್ರೆಷನ್, ಅಂದರೆ ಒಳಗೆ ಏಳುವ ಒತ್ತಡ, 118, 115, 96 ಪಿಎಸ್‌ಐ ಇತ್ತು. ಸಿಲಿಂಡರುಗಳ ನಡುವೆ ಹತ್ತು ಶೇಕಡಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅನುಮಾನಿಸಬೇಕು ಅಂತಾರೆ. ನಾನು ಅನುಮಾನಿಸುತ್ತಲೇ ಓಡಿಸಿದೆ. ಎಂಜಿನ್ ತಣ್ಣಗಿಡುವ ನೀರಿನ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆಚಕ್ರ), ಇಂಧನದ ಪೈಪು, ಕಾರ್ಬ್ಯುರೇಟರ್ ಕಿಟ್ ಎಲ್ಲ ಹೊಸದು ಹಾಕಿದೆ. ಹಳೇ ಇಂಪೆಲ್ಲರಿನ ರಬ್ಬರ್ ರೆಕ್ಕೆಗಳು ಒಂದೇ ಕಡೆಗೆ ಬಾಗಿ ಹಾಗೇ ಸೆಟೆದು ನಿಂತಿದ್ದವು, ಆರರಲ್ಲಿ ಒಂದು ಇರಲೇ ಇಲ್ಲ. ಮುರಿದ ರೆಕ್ಕೆಯನ್ನು ಹುಡುಕದೆ ಬಿಡಬೇಡಿ. ಅದು ನೀರಿನ ದಾರಿಯಲ್ಲಿ ಸಿಕ್ಕಿಕೊಂಡರೆ ಎಂಜಿನ್ ವಿಪರೀತ ಬಿಸಿಯಾಗುತ್ತದೆ. ನನಗೆ ಥರ್ಮೋಸ್ಟಾಟ್ ಹತ್ತಿರ ಸಿಕ್ಕಿತು.

ಎರಡನೇ ವರ್ಷದ ಕೊನೆಗೆ ಆ ದುರ್ಬಲ ಸಿಲಿಂಡರ್ ಕೈಕೊಟ್ಟಿತು. ಸ್ವಲ್ಪವೇ ಓಡಿದ್ದ ಫೋರ್-ಸ್ಟ್ರೋಕ್ 60 ತಂದು ಹಾಕಿದೆ. ಮೊದಲು ಗಮನಿಸಿದ್ದು ಸದ್ದು. ನಿಂತಾಗ ಎಂಜಿನ್ ಆನ್ ಇದೆಯಾ ಅಂತ ಹಿಂದೆ ತಿರುಗಿ ಎಂಜಿನ್ನಿಂದ ಚಿಮ್ಮುವ ನೀರಿನ ಪಿಚಕಾರಿ ನೋಡಬೇಕು. ಅದೇ ವೇಗಕ್ಕೆ ಗಂಟೆಗೆ 15-16 ಲೀಟರ್ ಕುಡಿಯುತ್ತಿದ್ದ ಬೋಟು ಈಗ 10-11ಕ್ಕೆ ಬಂದಿದೆ. ಲೀಟರಿಗೆ 20 ಮಿ.ಲೀ. ಆಯಿಲ್ ಬೆರೆಸುವ ರಗಳೆಯೂ ಇಲ್ಲ. ಆದರೆ ಹೊಸ ಎಂಜಿನ್ ತೂಕ ಜಾಸ್ತಿ. ನಿಂತಾಗ ಹಿಂಭಾಗ ಎರಡು ಬೆರಳಿನಷ್ಟು ಇಳಿಯಿತು. ಅಷ್ಟಕ್ಕೇ ನೆಲದ ನೀರು ಹೊರಹೋಗುವ ತೂತುಗಳು ಮುಳುಗಿ, ಅವುಗಳಲ್ಲೇ ನೀರು ಒಳಗೆ ಬರತೊಡಗಿತು. ಬ್ಯಾಟರಿ ಮತ್ತು ಇಂಧನದ ಟ್ಯಾಂಕನ್ನು ಮುಂದಕ್ಕೆ ಸರಿಸಿದ ಮೇಲೆ ಸರಿಹೋಯಿತು. ಎಂಜಿನ್ ಬದಲಾಯಿಸುವವರು ಎಚ್‌ಪಿ ನೋಡುತ್ತಾರೆ, ಕಿಲೋ ನೋಡುವುದಿಲ್ಲ. ನಾನೂ ನೋಡಿರಲಿಲ್ಲ.

ಪ್ರೊಪೆಲ್ಲರ್ ಬಗ್ಗೆ ಒಂದೇ ಮಾತು. ಈ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ 5,000ದಿಂದ 6,000 ಆರ್‌ಪಿಎಂ ಒಳಗೆ ತಿರುಗಬೇಕು. ನನ್ನದು 4,800 ದಾಟುತ್ತಿರಲಿಲ್ಲ. ಪಿಚ್ (ಒಂದು ಸುತ್ತಿಗೆ ಪ್ರೊಪೆಲ್ಲರ್ ಮುಂದೆ ಸಾಗುವ ಲೆಕ್ಕದ ದೂರ) ಎರಡು ಇಂಚು ಕಡಿಮೆ ಇರುವುದನ್ನು ಹಾಕಿದೆ, 5,200ಕ್ಕೆ ಬಂತು. ನಾಲ್ಕು ಜನ ಕೂತರೂ ಈಗ ಬೋಟು ಬೇಗ ನೀರಿನ ಮೇಲೆದ್ದು ಓಡುತ್ತದೆ. ಖರ್ಚು ಮಾಡಿದ್ದಕ್ಕೆ ಇಷ್ಟು ಬೇಗ ಫಲ ಕೊಟ್ಟ ವಸ್ತು ಇನ್ನೊಂದಿಲ್ಲ.

ಮೂರನೇ ವರ್ಷ ಫಿಶ್‌ಫೈಂಡರ್ ತಂದೆ. ಅದರ ಸೆನ್ಸರ್ ಕೂರಿಸಲು ಟ್ರಾನ್ಸಮ್‌ಗೆ ಎರಡು ಸ್ಕ್ರೂ. ಸಂಜೆಯಾಗಿತ್ತು, ಮರುದಿನ ಹೊರಡಬೇಕಿತ್ತು. ಕೊರೆದೆ, ಸ್ವಲ್ಪ ಸೀಲೆಂಟ್ ಒತ್ತಿದೆ, ತಿರುಗಿಸಿದೆ. ಹಳೇ ಮಾಲೀಕನ 23 ತೂತು ಎಣಿಸಿ ಬೈದವನು ನಾನೇ ಅಲ್ವಾ! ಆರು ತಿಂಗಳಿಗೆ ಒಂದು ಸ್ಕ್ರೂವಿನ ಕೆಳಗೆ ಕಂದು ಬಣ್ಣದ ಗೆರೆ ಇಳಿದಿತ್ತು, ಕಣ್ಣೀರಿನ ಹಾಗೆ. ಬಿಚ್ಚಿದಾಗ ಮರ ಒದ್ದೆ. ಪುಣ್ಯಕ್ಕೆ ಬೆರಳಗಲ ಅಷ್ಟೇ. ಒಣಗಿಸಿ, ತೂತನ್ನು 12 ಮಿ.ಮೀ.ಗೆ ದೊಡ್ಡದು ಮಾಡಿ, ಮಂದ ಮಾಡಿದ ಎಪಾಕ್ಸಿ ತುಂಬಿದೆ. ಅದರ ಮೇಲೆ ಸಣ್ಣ ಫೈಬರ್ ಬ್ಲಾಕ್ ಒಂದನ್ನು ಅಂಟಿಸಿದೆ. ಈಗ ಏನೇ ಕೂರಿಸಬೇಕಾದರೂ ಸ್ಕ್ರೂ ಹೋಗುವುದು ಬ್ಲಾಕಿಗೆ, ಬೋಟಿಗೆ ಅಲ್ಲ. ಉಳಿದ ಕಡೆ ತೂತು ಬೇಕೇ ಬೇಕು ಅಂದರೆ ಇದೇ ಕ್ರಮ: ದೊಡ್ಡದಾಗಿ ಕೊರೆ, ಎಪಾಕ್ಸಿ ತುಂಬು, ಅದರ ನಡುವೆ ಸಣ್ಣದಾಗಿ ಮತ್ತೆ ಕೊರೆ. ಹತ್ತು ನಿಮಿಷದ ಕೆಲಸ ಎರಡು ದಿನ ಹಿಡಿಯುತ್ತದೆ.

ವೈರಿಂಗ್ ಪೂರ್ತಿ ಕಿತ್ತು ಹೊಸದು ಹಾಕಿದ್ದೆ. ಹಳೇ ತಂತಿಯ ಪ್ಲಾಸ್ಟಿಕ್ ಸುಲಿದರೆ ತಾಮ್ರ ಕಪ್ಪು, ಹಸಿರು. ತವರ ಲೇಪಿಸಿದ ತಂತಿ, ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಜಾಯಿಂಟನ್ನು ಹಿಡಿಯುವ ಕೊಳವೆ) ಬಳಸಿದೆ. ಐದು ವರ್ಷದಲ್ಲಿ ಒಂದು ಜಾಯಿಂಟೂ ಸತ್ತಿಲ್ಲ. ಬ್ಯಾಟರಿಯಿಂದ 7 ಇಂಚಿನೊಳಗೆ ಫ್ಯೂಸ್ ಇರಬೇಕು ಅನ್ನುವುದು ಬೋಟುಗಳಿಗೆ ಮಾನದಂಡ ಮಾಡುವ ಅಮೆರಿಕದ ಸಂಸ್ಥೆ ಎಬಿವೈಸಿಯ ಸಾಮಾನ್ಯ ಅಳತೆ, ಅದನ್ನೇ ಪಾಲಿಸಿದೆ. ತಳದ ನೀರು ಹೊರಹಾಕುವ ಬಿಲ್ಜ್ ಪಂಪಿನ ಫ್ಲೋಟ್ ಸ್ವಿಚ್ಚನ್ನು (ನೀರು ಏರಿದಾಗ ತಾನೇ ಆನ್ ಆಗುವ ಸ್ವಿಚ್) ಮೇನ್ ಸ್ವಿಚ್ಚಿನ ಮೂಲಕ ತರದೆ, ಫ್ಯೂಸ್ ಹಾಕಿ ನೇರ ಬ್ಯಾಟರಿಗೆ ಕೊಡಿ. ಎಲ್ಲ ಆಫ್ ಮಾಡಿ ಮನೆಗೆ ಹೋದ ರಾತ್ರಿಯೇ ಮಳೆ ಬರುವುದು. ಪಂಪಿನ ಡಬ್ಬದ ಮೇಲಿನ ಅಂಕಿಯನ್ನು ಮಾತ್ರ ನಂಬಬೇಡಿ. ನೀರನ್ನು ಮೇಲೆತ್ತಬೇಕಾದಾಗ ಅಷ್ಟು ಬರುವುದಿಲ್ಲ.

ದುಡ್ಡು ದಂಡವಾದದ್ದೂ ಇದೆ. ಅಂಟಿಸುವ ಫೋಮ್ ಮ್ಯಾಟು ಎರಡು ಬೇಸಿಗೆಗೆ ಮೂಲೆ ಎತ್ತಿತು, ಬಿಸಿಲಲ್ಲಿ ಬರಿಗಾಲು ಇಡಲಾಗುವುದಿಲ್ಲ. ನೀರಡಿಯ ನೀಲಿ ದೀಪ ಒಂದೇ ರಾತ್ರಿ ಹಚ್ಚಿದ್ದು. ಅದಕ್ಕೂ ತೂತು ಕೊರೆಯಬೇಕಿತ್ತು, ಸದ್ಯ ಬ್ಲಾಕಿನ ಮೇಲೆ ಕೂರಿಸಿದ್ದೆ.

ಮುಂದಿನ ಡೆಕ್ಕನ್ನು ಇಷ್ಟು ವರ್ಷ ನಾನು ಮುಟ್ಟಿಲ್ಲ. ನೋಡೋಕೆ ಗಟ್ಟಿಯಾಗಿತ್ತು. ಹಗ್ಗ ಕಟ್ಟುವ ಎರಡು ಕ್ಲೀಟುಗಳು ಹಳೇ ಮಾಲೀಕರು ಕೂರಿಸಿದ ಹಾಗೇ ಇವೆ. ಹೋದ ವಾರ ತಳ ಒಣಗಿದ್ದ ಖುಷಿಯಲ್ಲಿ ಅದೇ ಪ್ಲಾಸ್ಟಿಕ್ ಸುತ್ತಿಗೆ ತಗೊಂಡು ಅಲ್ಲೂ ಬಡಿಯುತ್ತಾ ಹೋದೆ. ಟಕ್, ಟಕ್, ಟಕ್. ಬಲಗಡೆಯ ಕ್ಲೀಟಿನ ಹತ್ತಿರ ಸದ್ದು ಸ್ವಲ್ಪ ಬೇರೆ. ಡ್ರಿಲ್ ಚಾರ್ಜಿಗೆ ಹಾಕಿದ್ದೇನೆ.