ಪನ್ನೀರ್ ಗುಲಾಬಿಯಾ, ಕಸಿ ಗುಲಾಬಿಯಾ? ಹೂ ಕೀಳುವ ಕೈ ನೋಡಿ ಗಿಡ ತನ್ನಿ

ದಸರಾ ಫಲಪುಷ್ಪ ಪ್ರದರ್ಶನ ಮುಗಿಯುತ್ತಿದ್ದ ಹಾಗೆ ಮೈಸೂರಿನ ನರ್ಸರಿಗಳಲ್ಲಿ ಗುಲಾಬಿ ಗಿಡ ಕೇಳುವವರು ಜಾಸ್ತಿಯಾಗುತ್ತಾರೆ. ಕುಪ್ಪಣ್ಣ ಪಾರ್ಕಿನಲ್ಲಿ ಅಂಗೈ ಅಗಲದ ಹೂ ನೋಡಿ ಬಂದವರಿಗೆ ಅಂಥದ್ದೇ ಬೇಕು. ತರುತ್ತಾರೆ. ತಂದಾಗ ಇದ್ದ ಎರಡು ಮೊಗ್ಗು ಅರಳುತ್ತವೆ. ಆಮೇಲೆ ಗಿಡ ಬಡಕಲಾಗುತ್ತಾ ಹೋಗುತ್ತದೆ. "ನಮ್ಮ ಮನೆಗೆ ಗುಲಾಬಿ ಆಗಿಬರಲ್ಲ" ಅಂತ ಒಬ್ಬರು, ಗೊಬ್ಬರ ಸಾಲಲಿಲ್ಲ ಅಂತ ಇನ್ನೊಬ್ಬರು, ಔಷಧಿ ಹೊಡೀಬೇಕಿತ್ತು ಅಂತ ಮತ್ತೊಬ್ಬರು. ನಾನಾದರೆ ಬೇರೆ ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಹೂ ಕೀಳುವವರು ಯಾರು? ಕೈಯಲ್ಲಿ ಕೀಳುತ್ತಾರಾ, ಕತ್ತರಿಯಲ್ಲಾ?

ನಮ್ಮದು 30/40 ಸೈಟಿನ ಮನೆ. ಪೂರ್ವದ ಕಾಂಪೌಂಡಿನ ಪಕ್ಕ ಉದ್ದಕ್ಕೆ ಒಂದು ಪಟ್ಟಿ ಮಣ್ಣಿದೆ, ಅಷ್ಟೇ. ಅಲ್ಲಿ ಮೂರು ಥರದ ಗುಲಾಬಿ ಅಕ್ಕಪಕ್ಕ ಇವೆ. ಕಡ್ಡಿ ನೆಟ್ಟು ಬೆಳೆಸಿದ ಪನ್ನೀರ್ ಗುಲಾಬಿ, ನರ್ಸರಿಯಿಂದ ತಂದ ಕಸಿ ಗಿಡ ಡಬಲ್ ಡಿಲೈಟ್, ಗೊಂಚಲು ಗೊಂಚಲಾಗಿ ಬಿಡುವ ಬಿಳಿ ಐಸ್‌ಬರ್ಗ್. ಇನ್ನೊಂದು ಡಬಲ್ ಡಿಲೈಟ್ ತಾರಸಿ ಮೇಲೆ ಕುಂಡದಲ್ಲಿದೆ. ಕೆಳಗಿನ ಮೂರಕ್ಕೂ ಅದೇ ಕೆಮ್ಮಣ್ಣು, ಅದೇ ಕೊಟ್ಟಿಗೆ ಗೊಬ್ಬರ, ಅದೇ ನಲ್ಲಿ ನೀರು, ಬೆಳಗಿನಿಂದ ಮಧ್ಯಾಹ್ನದವರೆಗೆ ಅದೇ ಬಿಸಿಲು. ಹಾಗಾಗಿ ವ್ಯತ್ಯಾಸ ಕಂಡರೆ ಅದು ಗಿಡದ್ದೇ.

ಪನ್ನೀರ್ ಗುಲಾಬಿಗೆ ದುಡ್ಡು ಕೊಡಬೇಕಾಗಿಲ್ಲ. ಹಿಂದಿನ ಬೀದಿಯ ಯಾರದೋ ಮನೆಯಲ್ಲಿ ಇರುತ್ತದೆ, ಕೇಳಿದರೆ ಕೊಡುತ್ತಾರೆ. ಮಳೆ ಹಿಡಿದ ಮೇಲೆ ಪೆನ್ಸಿಲ್ ದಪ್ಪದ, ಗೇಣುದ್ದದ ಬಲಿತ ಕಡ್ಡಿ ತನ್ನಿ. ಮೂರು ನಾಲ್ಕು ಗೆಣ್ಣಿರಬೇಕು. ಎರಡು ಗೆಣ್ಣು ಮಣ್ಣೊಳಗೆ ಹೋಗುವ ಹಾಗೆ ನೆಟ್ಟು, ನೆರಳಲ್ಲಿ ತೇವ ಆರದ ಹಾಗೆ ನೋಡಿಕೊಂಡರೆ ಮೂರು ನಾಲ್ಕು ವಾರಕ್ಕೆ ಬೇರು ಬರುತ್ತದೆ. ಚಿಗುರು ಕಂಡಿತು ಅಂತ ಎಳೆದು ನೋಡಬೇಡಿ. ಮೊದಲ ಚಿಗುರು ಕಡ್ಡಿಯಲ್ಲಿ ಉಳಿದಿದ್ದ ಸತ್ವದಿಂದಲೇ ಬರುತ್ತದೆ, ಬೇರು ಆಮೇಲೆ. ಎಲ್ಲ ಕಡ್ಡಿಯೂ ಹಿಡಿಯುವುದಿಲ್ಲ, ಅದಕ್ಕೇ ಬೇಕಾದ್ದಕ್ಕಿಂತ ನಾಲ್ಕು ಜಾಸ್ತಿ ನೆಡುವುದು ವಾಸಿ.

ನೋಡಲಿಕ್ಕೆ ಇದರಲ್ಲಿ ಠೀವಿ ಇಲ್ಲ. ತಿಳಿ ಗುಲಾಬಿ ಬಣ್ಣ, ಸಡಿಲ ಪಕಳೆ, ಮೈತುಂಬ ಮುಳ್ಳು. ಬೆಳಿಗ್ಗೆ ಅರಳಿದ್ದು ಸಂಜೆಗೆ ಪಕಳೆ ಉದುರಿಸುತ್ತದೆ. ಹೂದಾನಿಗೆ ಲಾಯಕ್ಕೇ ಇಲ್ಲ. ಆದರೆ ಗೇಟು ತೆಗೆಯುವಾಗಲೇ ಘಮ ಬರುತ್ತದೆ. "ದೇವರಿಗೆ ಇಡೋಕೆ ಹೂವು ಚಿಕ್ಕದಿದ್ರೂ ಪರವಾಗಿಲ್ಲ ಕಣಮ್ಮ, ಘಮ ಇರಬೇಕು" ಅನ್ನುವುದು ನಮ್ಮತ್ತೆಯ ವಾದ. ಅವರ ಓಟು ಯಾವತ್ತೂ ಪನ್ನೀರ್‌ಗೇ.

ಡಬಲ್ ಡಿಲೈಟ್ ಬೇರೆಯದೇ ಲೋಕ. 1977ರಲ್ಲಿ ಅಮೆರಿಕದಲ್ಲಿ ಬಂದ ತಳಿ. ಮೊಗ್ಗು ಕೆನೆ ಬಣ್ಣದಲ್ಲಿ ಬಿಚ್ಚಿಕೊಳ್ಳುತ್ತದೆ, ಬಿಸಿಲು ಬಿದ್ದಷ್ಟೂ ಪಕಳೆಯ ಅಂಚಿನಿಂದ ಕೆಂಪು ಏರುತ್ತದೆ. ಹಾಗಾಗಿ ಮೋಡ ಕವಿದ ಜುಲೈ ಹೂವಿಗೂ ಫೆಬ್ರವರಿ ಹೂವಿಗೂ ಬಣ್ಣವೇ ಬೇರೆ. ವಾಸನೆಯೂ ಇದೆ, ಚೆನ್ನಾಗಿಯೇ ಇದೆ. ದೊಡ್ಡ ಹೂವಿನ ಎಷ್ಟೋ ತಳಿಗಳಿಗೆ ಈ ಭಾಗ್ಯ ಇಲ್ಲ. ಬರೀ ಬಣ್ಣ ನೋಡಿ ಗಿಡ ತರಬೇಡಿ, ಅಂಗಡಿಯಲ್ಲೇ ಮೂಸಿ ನೋಡಿ. ಯಾರೇನೂ ಅಂದುಕೊಳ್ಳುವುದಿಲ್ಲ.

ಇದು ಹೈಬ್ರಿಡ್ ಟೀ ಅನ್ನುವ ಗುಂಪಿಗೆ ಸೇರಿದ್ದು. 1867ರ ಲಾ ಫ್ರಾನ್ಸ್ ಅನ್ನುವ ತಳಿಯನ್ನು ಈ ಗುಂಪಿನ ಮೊದಲನೆಯದೆಂದು ಲೆಕ್ಕ ಹಿಡಿಯುತ್ತಾರೆ. ಉದ್ದ ಕಡ್ಡಿ, ತುದಿಗೆ ಒಂದೇ ಹೂ, ನೀರಲ್ಲಿಟ್ಟರೆ ನಾಲ್ಕೈದು ದಿನ ಬಾಳಿಕೆ. ಕತ್ತರಿ ಹಿಡಿದು ಕಡ್ಡಿಸಮೇತ ಕೊಯ್ಯುವವರಿಗೆ ಹೇಳಿ ಮಾಡಿಸಿದ ಗಿಡ. ನಮ್ಮ ಮನೆಗಳಲ್ಲಿ ಪೂಜೆಗೆ ಹೂ ಕೀಳುವುದು ಹಾಗಲ್ಲವಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ ಹೂಬುಟ್ಟಿ ಹಿಡಿದು ಬಂದು, ಹೆಬ್ಬೆರಳ ಉಗುರನ್ನು ಹೂವಿನ ಕುತ್ತಿಗೆಗೆ ಒತ್ತಿ, ಒಂದು ತಿರುವು. ಹೂ ಬುಟ್ಟಿಗೆ, ಕಡ್ಡಿ ಗಿಡದಲ್ಲೇ.

ಹಾಗೆ ಕಿತ್ತ ಕಡ್ಡಿಯನ್ನು ಸ್ವಲ್ಪ ದಿನ ಗಮನಿಸಿ ನೋಡಿ. ಪನ್ನೀರ್ ಗಿಡದಲ್ಲಿ ಮುರಿದ ತುದಿ ಒಂದಿಷ್ಟು ಒಣಗಿ ಅಲ್ಲಿಗೇ ನಿಲ್ಲುತ್ತದೆ. ಕೆಳಗಿನ ಎರಡು ಮೂರು ಗೆಣ್ಣಿಂದ ಚಿಗುರೊಡೆಯುತ್ತದೆ, ಅದರಲ್ಲಿ ಮತ್ತೆ ಗೊಂಚಲು ಮೊಗ್ಗು. ಡಬಲ್ ಡಿಲೈಟ್‌ನಲ್ಲಿ ಹಾಗಾಗಲಿಲ್ಲ. ಮುರಿದ ಜಾಗ ಮೊದಲು ಕಂದಾಯಿತು. ಆ ಕಂದು ನಿಧಾನವಾಗಿ ಮೊದಲ ಗೆಣ್ಣಿಗಿಳಿಯಿತು, ಮಳೆ ಬಂದ ಮೇಲೆ ಕಪ್ಪಗಾಗಿ ಮುಂದಿನ ಗೆಣ್ಣನ್ನೂ ದಾಟಿತು. ತುದಿಯಿಂದ ಒಣಗುವ ರೋಗ ಅನ್ನುತ್ತಾರಲ್ಲ, ಅದೇ. ಶಿಲೀಂಧ್ರಕ್ಕೆ ಒಳಗೆ ಹೋಗಲು ಇಂಥ ಜಜ್ಜಿದ ಗಾಯವೇ ದಾರಿ. ಒಣಗದೆ ಉಳಿದ ಕಡ್ಡಿಗಳಲ್ಲಿ ಚಿಗುರು ಬಂದರೂ ತೀರಾ ಸಣಕಲು, ಎಷ್ಟೋ ಸಲ ಮೊಗ್ಗೇ ಇಲ್ಲ.

ಕಾರಣ ಗಿಡದ ಮೇಲೇ ಕಾಣುತ್ತದೆ. ಹೂವಿನ ಕೆಳಗೆ ಮೊದಲು ಸಿಗುವ ಎಲೆದಂಟಿನಲ್ಲಿ ಸಾಮಾನ್ಯವಾಗಿ ಮೂರೇ ಎಲೆ ಇರುತ್ತವೆ. ಅದರ ಬುಡದ ಕಣ್ಣು, ಅಂದರೆ ಚಿಗುರೊಡೆಯುವ ಜಾಗ, ಸೊರಗಿರುತ್ತದೆ. ಇನ್ನೂ ಕೆಳಗೆ ಹೋದರೆ ಐದೆಲೆಯ ದಂಟು, ಅಲ್ಲಿನ ಕಣ್ಣು ಗಟ್ಟಿ. ಐದೆಲೆಯ ಎರಡನೇ ದಂಟಿಗೆ ಹೋಗಿ, ಗಿಡದ ಹೊರಮುಖಕ್ಕಿರುವ ಕಣ್ಣು ಹುಡುಕಿ, ಅದರಿಂದ ಕಾಲಿಂಚು ಮೇಲೆ ಹರಿತವಾದ ಕಟರ್‌ನಲ್ಲಿ ಓರೆಯಾಗಿ ಕತ್ತರಿಸಿದರೆ ಆರೇಳು ವಾರಕ್ಕೆ ಅಲ್ಲೇ ಇನ್ನೊಂದು ದೊಡ್ಡ ಹೂ. ಕುಂಡದ ಗಿಡಕ್ಕೆ ಮೊದಲಿಂದಲೂ ಕತ್ತರಿಯೇ, ಕೈಯಲ್ಲಿ ಹೂ ಕೀಳುವ ಅತ್ತೆಗೆ ತಾರಸಿ ಮೆಟ್ಟಿಲು ಹತ್ತಲಾಗುವುದಿಲ್ಲ. ಕೆಳಗೆ ನೆಲದಲ್ಲಿ ಆರಾಮಾಗಿ ಬೇರು ಬಿಟ್ಟಿದ್ದ ಗಿಡಕ್ಕಿಂತ ಮೇಲೆ ಕುಂಡದಲ್ಲಿದ್ದದ್ದೇ ಚೆನ್ನಾಗಿ ಹೂ ಕೊಟ್ಟಿತು. ಕೆಳಗಿನದಕ್ಕೂ ಕತ್ತರಿ ಶುರುವಾದ ಮೇಲೆ ಅದೂ ಸುಧಾರಿಸಿತು.

ಕಸಿ ಗಿಡದ ಇನ್ನೊಂದು ತಕರಾರು ಬುಡದಲ್ಲಿರುತ್ತದೆ. ಬೇರು ಒಂದು ಕಾಡು ಗುಲಾಬಿಯದ್ದು, ಮೇಲಿನ ಗಿಡ ಇನ್ನೊಂದು, ನಡುವೆ ಕಸಿಯ ಗಂಟು. ಆ ಗಂಟಿನ ಕೆಳಗಿಂದ ಬರುವ ಚಿಗುರು ಕಾಡಿನದ್ದು. ಅದು ಭರ್ಜರಿಯಾಗಿ ಬೆಳೆಯುತ್ತದೆ, ನೋಡಿದವರಿಗೆ ಖುಷಿಯಾಗುತ್ತದೆ, ಅಷ್ಟರಲ್ಲಿ ಮೇಲಿನ ತಳಿ ಸೊರಗಿರುತ್ತದೆ. ನಮಗೆ ಗಿಡ ಮಾರಿದ ನರ್ಸರಿಯವರು "ಒಳ್ಳೆ ಚಿಗುರು ಮೇಡಂ, ಬಿಡಿ" ಅಂತಲೇ ಹೇಳಿ ಕಳಿಸಿದ್ದರು. ಬಿಡಬಾರದು. ಮಣ್ಣು ಸರಿಸಿ, ಹುಟ್ಟಿದ ಜಾಗದಿಂದಲೇ ಎಳೆದು ಕಿತ್ತುಹಾಕಬೇಕು. ಮೇಲೆ ಕತ್ತರಿಸಿದರೆ ಒಂದಿದ್ದದ್ದು ಎರಡಾಗುತ್ತದೆ. ನೆಡುವಾಗಲೂ ಗಂಟು ಮಣ್ಣಿನಿಂದ ಮೇಲಿರಲಿ. ಪನ್ನೀರ್‌ಗೆ ಈ ಕಾಟವೇ ಇಲ್ಲ. ಕಡ್ಡಿಯಿಂದ ಬಂದ ಗಿಡವಾದ್ದರಿಂದ ಬುಡದಿಂದ ಏನು ಬಂದರೂ ಪನ್ನೀರೇ.

ಐಸ್‌ಬರ್ಗ್ ಬಗ್ಗೆ ಹೇಳುವುದು ಕಡಿಮೆ, ಯಾಕೆಂದರೆ ಅದು ತೊಂದರೆ ಕೊಡುವುದೇ ಕಡಿಮೆ. 1958ರಲ್ಲಿ ಜರ್ಮನಿಯ ಕೊರ್ಡೆಸ್ ಮನೆತನದವರು ತಂದ ತಳಿ. ಮುಳ್ಳು ತೀರಾ ಕಮ್ಮಿ, ಮಕ್ಕಳಿರುವ ಮನೆಗೆ ಅದೊಂದೇ ಕಾರಣ ಸಾಕು. ವಾಸನೆ ಇದೆ ಅಂದರೆ ಇದೆ. ಗೊಂಚಲಿನಲ್ಲಿ ಬಿಡುವುದರಿಂದ ಬಿಡಿ ಹೂ ಕೈಯಲ್ಲಿ ಕಿತ್ತರೂ ನಡೆಯುತ್ತದೆ, ಗೊಂಚಲು ಪೂರ್ತಿ ಮುಗಿದ ಮೇಲೆ ಒಮ್ಮೆ ಕತ್ತರಿ ಆಡಿಸಿದರೆ ಆಯಿತು. ಮಳೆಗಾಲದಲ್ಲಿ ಎಲೆ ಮೇಲೆ ಕಪ್ಪು ಚುಕ್ಕೆ ಬಂದು ಕೆಳಗಿನ ಎಲೆಗಳೆಲ್ಲ ಹಳದಿಯಾಗಿ ಉದುರುತ್ತವೆ, ಅದೊಂದು ರಗಳೆ. ಬಿದ್ದ ಎಲೆ ಗುಡಿಸಿ ಹೊರಗೆ ಹಾಕಿ, ಗಿಡದ ಬುಡದಲ್ಲೇ ಕೊಳೆಯಲು ಬಿಡಬೇಡಿ.

ರೋಗದ ಲೆಕ್ಕ ತೆಗೆದರೆ ಮೂರಕ್ಕೂ ಅವರವರದೇ ಕಾಲ. ನವೆಂಬರ್‌ನಿಂದ ರಾತ್ರಿ ಚಳಿ, ಹಗಲು ಒಣ ಬಿಸಿಲು ಶುರುವಾಗುತ್ತದಲ್ಲ, ಆಗ ಬೂದಿ ರೋಗ. ಡಬಲ್ ಡಿಲೈಟ್‌ನ ಎಳೆ ಎಲೆ ಮುದುಡಿ ಬಿಳಿ ಪುಡಿ ಕೂರುತ್ತದೆ. ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ, ಬಿಸಿಲಿಳಿದ ಮೇಲೆ ಹೊಡೆದರೆ ಹತೋಟಿಗೆ ಬರುತ್ತದೆ. ಆದರೆ ಬೇವಿನೆಣ್ಣೆ ಹೊಡೆದು ಎರಡು ವಾರವಾಗದೆ ಗಂಧಕ ಹೊಡೆಯಬಾರದು, ಎಲೆ ಸುಡುತ್ತದೆ. ಮಾರ್ಚ್ ಬಂದರೆ ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಹುಳ ಮತ್ತು ಕೆಂಪು ನುಸಿ. ಥ್ರಿಪ್ಸ್‌ಗೆ ತಿಳಿ ಬಣ್ಣದ ಹೂ ಇಷ್ಟ. ಐಸ್‌ಬರ್ಗ್ ಮೊಗ್ಗಿನ ಅಂಚು ಕಂದಾಗಿ ಅರಳದೇ ನಿಂತರೆ ಒಂದು ಪಕಳೆ ಬಿಡಿಸಿ ಬಿಳಿ ಕಾಗದದ ಮೇಲೆ ಕೊಡವಿ ನೋಡಿ, ಸಣ್ಣ ಗೆರೆಗಳು ಓಡಾಡುತ್ತವೆ. ಅಂಥ ಮೊಗ್ಗು ಕಿತ್ತೆಸೆದು, ಲೀಟರಿಗೆ 5 ಎಂಎಲ್ ಬೇವಿನೆಣ್ಣೆಗೆ ಎರಡು ತೊಟ್ಟು ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸುತ್ತೇವೆ. ಕೆಂಪು ನುಸಿ ಇರುವುದು ಎಲೆಯ ಅಡಿಯಲ್ಲಿ. ಅದಕ್ಕೆ ಬೆಳಿಗ್ಗೆ ಪೈಪಿನಿಂದ ಕೆಳಗಿಂದ ಮೇಲಕ್ಕೆ ಜೋರಾಗಿ ನೀರು ಬಿಟ್ಟರೆ ಅರ್ಧ ಕೆಲಸ ಮುಗಿಯಿತು.

ಪನ್ನೀರ್‌ಗೆ ಇದ್ಯಾವುದೂ ಬರುವುದಿಲ್ಲ ಅಂತಲ್ಲ. ಬಂದರೆ ಎಲೆ ಉದುರಿಸಿಕೊಂಡು ಮತ್ತೆ ತಾನೇ ಚಿಗುರುತ್ತದೆ. ಅದರ ಪಕಳೆಯಿಂದ ಮನೆಯಲ್ಲಿ ಗುಲ್ಕನ್ ಮಾಡುತ್ತೇವೆ. ಪಕಳೆ, ಸಕ್ಕರೆ ಸಮತೂಕ, ಗಾಜಿನ ಜಾಡಿಯಲ್ಲಿ ಪದರ ಪದರವಾಗಿ ತುಂಬಿ ಬಿಸಿಲಿಗೆ. ಬಾಯಿಗೆ ಹೋಗುವ ಹೂವಿಗೆ ಔಷಧಿ ಸೋಂಕಬಾರದು. ಹಾಗಾಗಿ ಔಷಧಿ ಬೇಡುವ ಕಸಿ ಗಿಡವನ್ನು ಪನ್ನೀರ್‌ನ ಪಕ್ಕ ನೆಡದೆ ಪಟ್ಟಿಯ ಇನ್ನೊಂದು ತುದಿಗೆ ನೆಟ್ಟರೆ ಒಳ್ಳೆಯದು. ಡಬಲ್ ಡಿಲೈಟ್ ಪಕಳೆಯಲ್ಲಿ ಗುಲ್ಕನ್ ಮಾಡುವ ಯೋಚನೆ ಬೇಡ, ದಪ್ಪ ಪಕಳೆ, ಸಕ್ಕರೆಯಲ್ಲಿ ಬೇಗ ಕರಗುವುದಿಲ್ಲ.

ಗೊಬ್ಬರದಲ್ಲೂ ಪೈಪೋಟಿ ನಡೆದಿದೆ. ಕಡಲೆಕಾಯಿ ಹಿಂಡಿ ನೆನೆಸಿ, ಹುಳಿತ ಮೇಲೆ ಹತ್ತು ಪಾಲು ನೀರು ಸೇರಿಸಿ ಹಾಕಿದರೆ ಚಿಗುರು ಬರುವ ರಭಸ ನೋಡಬೇಕು. ನಾತವೂ ಅಷ್ಟೇ ಜೋರು. ಒಣ ಹಿಂಡಿ ಹಾಕಿದಿರೋ, ರಾತ್ರಿ ಹೆಗ್ಗಣ ಬಂದು ಬುಡವನ್ನೇ ತೋಡಿಹಾಕುತ್ತದೆ. ಬೇವಿನ ಹಿಂಡಿಗೆ ಹೆಗ್ಗಣ ಮೂಗು ಹಾಕುವುದಿಲ್ಲ, ಫಲ ನಿಧಾನ. ಈಗ ಕೊಟ್ಟಿಗೆ ಗೊಬ್ಬರದ ಜೊತೆ ಬೇವಿನ ಹಿಂಡಿಯೇ ಕಾಯಂ. ಬಾಳೆಹಣ್ಣಿನ ಸಿಪ್ಪೆ, ಟೀ ಚರಟವನ್ನು ಹಾಗೇ ಬುಡಕ್ಕೆ ಸುರಿಯುವುದರಲ್ಲಿ ನನಗೆ ನಂಬಿಕೆ ಇಲ್ಲ. ಕೊಳೆತ ಮೇಲೇ ಅದು ಗಿಡಕ್ಕೆ ಸಿಗುವುದು. ಅಲ್ಲಿವರೆಗೆ ಇರುವೆಗೆ ಊಟ, ಅಷ್ಟೇ.

ಕುಂಡವೋ ನೆಲವೋ ಅಂದರೆ, ಜಾಗವಿದ್ದವರಿಗೆ ನೆಲವೇ. ಬೇಸಿಗೆಯಲ್ಲಿ ತಾರಸಿ ಕುಂಡಕ್ಕೆ ದಿನಾ ನೀರು ತಪ್ಪುವಂತಿಲ್ಲ. ಬೋರ್‌ವೆಲ್‌ನ ಗಡಸು ನೀರನ್ನೇ ಹಾಕುತ್ತಾ ಬಂದರೆ ಉಪ್ಪು ಕೂತು ಎಳೆ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರು. ಅದು ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುತ್ತಿರುವುದಿಲ್ಲ. ಕಾವೇರಿ ನೀರೋ ಮಳೆ ನೀರೋ ಹಾಕಿದರೆ ಸರಿಹೋಗುತ್ತದೆ. ಮಂಡ್ಯದ ನಾಲೆ ಬಯಲಿನ ಕಡೆ ನೀರು ನಿಲ್ಲುವ ಮಣ್ಣಿದ್ದರೆ ಪಾತಿಯನ್ನು ಎತ್ತರಿಸಿ ನೆಡಿ, ಗುಲಾಬಿ ಬೇರು ಕೆಸರಲ್ಲಿ ಉಳಿಯುವುದಿಲ್ಲ.

ನಮ್ಮ ಕಡೆ ಗುಲಾಬಿ ಮಲಗುವಷ್ಟು ಚಳಿ ಬೀಳುವುದಿಲ್ಲ. ಅದಕ್ಕೇ ಜೂನ್‌ನಲ್ಲೊಮ್ಮೆ, ನವೆಂಬರ್‌ನಲ್ಲೊಮ್ಮೆ ಸವರುವುದು ರೂಢಿ. ಡಬಲ್ ಡಿಲೈಟ್ ಅನ್ನು ಅರ್ಧಕ್ಕೆ ಇಳಿಸುತ್ತೇವೆ. ಪನ್ನೀರ್‌ಗೆ ಒಣಕಲು ತೆಗೆದು ತುದಿ ಚಿವುಟಿದರೆ ಸಾಕು. ದಸರಾಕ್ಕೆ ದೊಡ್ಡ ಹೂ ಬೇಕಿದ್ದರೆ ಕ್ಯಾಲೆಂಡರ್ ನೋಡಿ, ಹಬ್ಬಕ್ಕೆ ಏಳು ವಾರ ಮುಂಚೆ ಕತ್ತರಿ ಹಾಕಿ.

ಯಾವುದನ್ನು ತರಲಿ ಅಂತ ಕೇಳುವವರಿಗೆ ನನ್ನ ಉತ್ತರ ಹೀಗೆ. ದಿನಾ ಬೆಳಿಗ್ಗೆ ಕೈಯಲ್ಲಿ ಹೂ ಕೀಳುವ ಹಿರಿಯರು ಮನೆಯಲ್ಲಿದ್ದರೆ ಪನ್ನೀರ್ ಬಿಟ್ಟು ಬೇರೆ ಯೋಚಿಸಬೇಡಿ. ಅವರಿಗೆ ಕತ್ತರಿ ಕಲಿಸಲು ಹೋಗುವುದು ಸುಮ್ನೆ ಮನಸ್ತಾಪ. ಗಿಡದ ಮುಂದೆ ಹೊತ್ತು ಕಳೆಯುವ ಆಸೆ ನಿಮಗೇ ಇದ್ದರೆ, ಒಂದು ಒಳ್ಳೆ ಕಟರ್ ಜೊತೆಗೆ ಕಸಿ ಗಿಡ ತನ್ನಿ. ಎರಡೂ ಅಲ್ಲ, ಮನೆ ಮುಂದೆ ಹೂವಿರಬೇಕು ಅಷ್ಟೇ ಅನ್ನುವವರಿಗೆ ಐಸ್‌ಬರ್ಗ್. ಬಾಡಿಗೆ ಮನೆಯವರು ನೆಲದಲ್ಲಿ ಕಸಿ ಗಿಡ ನೆಟ್ಟರೆ ಬಿಟ್ಟು ಹೋಗುವಾಗ ಹೊಟ್ಟೆ ಉರಿಯುತ್ತದೆ, ಅದಕ್ಕೆ ಹದಿನಾಲ್ಕು ಇಂಚಿನ ಕುಂಡವೇ ಸರಿ. ಪನ್ನೀರ್ ಆದರೆ ನೆಲದಲ್ಲೇ ಇರಲಿ, ಹೊರಡುವಾಗ ನಾಲ್ಕು ಕಡ್ಡಿ ಮುರಿದು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡರಾಯಿತು. ಶಾಲೆ ಶುರುವಾಗುವ ಮುಂಚೆ, ಮೇ ಕೊನೆ ಜೂನ್ ಮೊದಲಲ್ಲಿ ಮನೆ ಬದಲಾಯಿಸುವವರೇ ಜಾಸ್ತಿ ಅಲ್ವಾ, ಕಡ್ಡಿ ನೆಡುವುದಕ್ಕೂ ಅದೇ ಹೊತ್ತು.